ಉಪ್ಪಿನ ಅಳತೆ

ಹಲ್ ಊರು, ರಾತ್ರಿ ಎರಡು ಗಂಟೆ.
ವಿಲ್ಫ್ರೆಡ್ ಕೋಟು ತೊಟ್ಟು ನಿಂತಿದ್ದಾನೆ:
"ಬೇಕರಿಗೆ ಹೊತ್ತಾಯಿತು. ನೀನ್ಯಾರೇ? ದಾರಿ ಬಿಡು."
ಕೈಯಲ್ಲಿ ಬ್ರೆಡ್ಡಿನ ಚಾಕು.

ಹೋದ ಸಲ ಪೊಲೀಸರು ಬಂದಿದ್ದರು.
ನೀಲಿ ದೀಪ. ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ
ಹನ್ನೊಂದು ತಾಸು ಸ್ಟ್ರೆಚರಿನ ಮೇಲೆ.
ಮರಳಿದವನು ಉಪ್ಪಿನ ಅಳತೆಯನ್ನು
ಅಲ್ಲೇ ಬಿಟ್ಟುಬಂದಿದ್ದ.

ಈ ಸಲ ಹೊಸ ನಂಬರು. ಎತ್ತಿದ್ದು ಯಂತ್ರವಲ್ಲ.
ಇಫೆಯೋಮಾ ಬಂದಳು, ಸಮವಸ್ತ್ರವಿಲ್ಲದೆ,
ಹೊಸ್ತಿಲಲ್ಲೇ ಬೂಟು ಕಳಚಿ ಕೇಳಿದಳು:
"ಮೇಸ್ತ್ರಿ, ಇವತ್ತು ಎಷ್ಟು ಹಿಟ್ಟು?"

ಚಾಕು ಕೆಳಗಿಟ್ಟ.
ನಾದುವುದಕ್ಕೆ ಎರಡೂ ಕೈ ಬೇಕಲ್ಲ.

ಬೆಳಗಿನ ಬ್ರೆಡ್ಡು ಸಪ್ಪೆ. ಮೂವರೂ ತಿಂದೆವು.
ಹೊರಟವಳನ್ನು ಬಾಗಿಲಲ್ಲಿ ತಡೆದು ಕೇಳಿದೆ:
ನಾಳೆಯೂ ನೀನೇ ಎತ್ತುತ್ತೀಯಾ?
ಅವಳು ಸುಳ್ಳು ಹೇಳಲಿಲ್ಲ.
"ನಾವು ನಾಲ್ಕೇ ಜನ," ಅಂದಳು,
ಬೂಟಿನ ದಾರ ಕಟ್ಟುತ್ತ, "ಇಡೀ ಊರಿಗೆ."