ಯಾಗೋ ಕಾಯಿಯ ತೂಕ

ಹನ್ನೊಂದು ದಿನ ನೀರೆಲ್ಲ ಹುಡುಕಿದೆವು, ಓಬುಯಾ.
ಸಿಕ್ಕಿದ್ದು ಒಮೆನ ಮೀನಿಗೆ ಒಯ್ದ ನಿನ್ನ ಲಾಂದ್ರ, ಗಾಜೂ ಒಡೆದಿರಲಿಲ್ಲ,
ಮತ್ತೊಂದು ಚಪ್ಪಲಿ, ಅದು ನಿನ್ನದಲ್ಲ.
ಹನ್ನೆರಡನೆಯ ದಿನ ಓಗೋಲಾ ಮುದುಕ ಕೆಮ್ಮಿ ಹೇಳಿದ:
ಲೋಲ್ವೆ ಕೊಡದ್ದನ್ನು ಮರ ಕೊಡುತ್ತದೆ,
ಹೋಗು, ಯಾಗೋ ಕಾಯಿ ತಾ.

ನಿನಗೆ ಗೊತ್ತಲ್ಲ ಆ ಮರ, ದೋಣಿಕಟ್ಟೆಯ ಹಿಂದೆ
ಹಗ್ಗ ಇಳಿಬಿಟ್ಟು ಕಾಯಿ ತೂಗುವುದು.
ರಾತ್ರಿ ಅರಳಿ ಬೆಳಗಿಗೆ ಉದುರುವ ಹೂವು
ಒಣಗಿದ ನೆತ್ತರ ಬಣ್ಣ, ಬಾವಲಿಗಷ್ಟೇ ಹಿಡಿಸುವ ವಾಸನೆ.
ಅಡಿಯಲ್ಲಿ ಮಲಗಬೇಡಿ ಎಂದು ಬೈಸಿಕೊಂಡೇ ಮಲಗುತ್ತಿದ್ದೆವು;
ಒಂದು ಕಾಯಿ ಧೊಪ್ಪೆಂದು ನಿನ್ನ ಕಿವಿಯ ಪಕ್ಕ ಬಿದ್ದಾಗ
ನೀನು ನಕ್ಕೆ, ನಾನು ಉಚ್ಚೆ ಹೊಯ್ದುಕೊಂಡೆ.
ಅದನ್ನೇ ಒಣಗಿಸಿ ಕುಟ್ಟಿ ಅವ್ವ
ನಿನ್ನ ಮೊಣಕಾಲ ಹುಣ್ಣಿಗೆ ಮೆತ್ತಿದಳು.
ಎಷ್ಟು ಹಸಿದರೂ ಕಚ್ಚುವಂತಿಲ್ಲ, ಹಸಿ ಕಾಯಿ ವಿಷ.
ಬೆಟ್ಟದ ಕಡೆಯವರು ಜೇನಿನ ಹೆಂಡಕ್ಕೆ ಹಾಕುತ್ತಾರಂತೆ.
ನಮಗೆ ಬೇಕಾಗುವುದು ಹೀಗೆ.

ಏಣಿ ಹಾಕಿ ಹತ್ತಿದೆ. ಇವುಗಳಲ್ಲಿ ಯಾವುದು ನೀನು?
ಸಣ್ಣದನ್ನು ಕೊಯ್ಯಲು ಕೈ ಬರಲಿಲ್ಲ.
ಜ್ವರದಲ್ಲಿ ನಿನ್ನ ಹೊತ್ತು ಆಸ್ಪತ್ರೆಗೆ ಓಡಿದ ಬೆನ್ನು ಇದು,
ನಿನ್ನ ಭಾರ ಇದಕ್ಕೆ ನೆನಪಿದೆ.
ತೊಟ್ಟಿಗೆ ಕುಡುಗೋಲು ಹಾಕಿ, ಬೀಳಗೊಡದೆ,
ಎಲ್ಲಕ್ಕಿಂತ ದೊಡ್ಡದನ್ನು ಎದೆಗಾನಿಸಿ ಇಳಿಸಿದೆ.
ಮೀನಿನ ತಕ್ಕಡಿಯಲ್ಲಿಟ್ಟರೆ ಎಂಟು ಕಿಲೋ.
ಎಂಟೇ ಕಿಲೋ, ಅಣ್ಣ.

ಅವೀನೋ ಮುಟ್ಟಲಿಲ್ಲ.
ಇದಕ್ಕೆ ಕತ್ತಿನ ಹಿಂದಿನ ಮಚ್ಚೆ ಎಲ್ಲಿದೆ, ಕೇಳಿದಳು,
ಗೊರಕೆ ಎಲ್ಲಿ, ನಾಳೆ ಆಡೋಣವೆಂದು
ಬಾಕಿ ಇಟ್ಟುಹೋದ ಜಗಳ ಎಲ್ಲಿ?
ಹೆಂಗಸರು ಅಳುವುದು ಬಿಟ್ಟು ನೆಲ ನೋಡಿದರು.
ಆಗ ಅವ್ವ ಕೈಚಾಚಿ ಇಸಿದುಕೊಂಡಳು,
ಒರಟು ಸಿಪ್ಪೆಯ ಮೇಲಿನ ಇರುವೆ ಊದಿ,
ತೋಳು ಬದಲಿಸಿ ಒಮ್ಮೆ ತೂಗಿ ನೋಡಿ,
‘ಸರಿಯಾಗಿದೆ’ ಅಂದಳು,
‘ಹಲ್ಲು ಬರುವಾಗ ಇಷ್ಟೇ ಇದ್ದ.’

ನಿನ್ನ ನೀಲಿ ಅಂಗಿ ಸುತ್ತಿದೆವು. ಗುಂಡಿ ಹಾಕಿದ್ದು ಅವೀನೋ,
ಕುತ್ತಿಗೆಯದ್ದೊಂದು ಬಿಟ್ಟು, ನಿನಗೆ ಸೆಕೆಯೆಂದು.
ಗುಡಿಸಲ ಬಲಕ್ಕೆ, ಗಂಡಸರು ಮಲಗುವ ಕಡೆ,
ಆಳುದ್ದ ತೋಡಿದ್ದೆವು;
ಮಿಕ್ಕ ಜಾಗಕ್ಕೆ ಬಹಳ ಮಣ್ಣು ಹಿಡಿಯಿತು.

ಈಗಲೂ ಸಂತೆಯಲ್ಲಿ ಯಾರೋ ಹೇಳುತ್ತಾರೆ,
ಮ್ವಾಂಜಾ ಕಡೆ ನಿನ್ನಂಥವನನ್ನು ಕಂಡೆವೆಂದು,
ಬಲೆ ಹೆಣೆಯುತ್ತಿದ್ದನಂತೆ, ಎಡಗೈಯಲ್ಲಿ.
ಬರುವುದಾದರೆ ಬಾ.
ಕಾಲು ಮಾತ್ರ ಮೆಲ್ಲಗೆ ಇಡು ಅಂಗಳದಲ್ಲಿ,
ಮಲಗಿದವನು ಎದ್ದಾನು;
ಅವ್ವ ಬಹಳ ಹೊತ್ತು ತಟ್ಟಿ ಮಲಗಿಸಿದ್ದಾಳೆ.