ಕಳೆದ ಒಂದು ತಿಂಗಳಲ್ಲಿ

ಹತ್ತು ಪ್ರಶ್ನೆ, ಪ್ರಶ್ನೆಗೆ ಐದು ಗೂಡು:
ಎಂದೂ ಇಲ್ಲ, ಅಪರೂಪಕ್ಕೆ, ಒಮ್ಮೊಮ್ಮೆ,
ಆಗಾಗ, ಬಹಳ ಸಲ.
ಸೊನ್ನೆಯಿಂದ ನಾಲ್ಕರವರೆಗೆ ಅಂಕ.
ಶಿಡ್ಲಘಟ್ಟದಲ್ಲಿ ಗೂಡು ಅಂದರೆ ಬೇರೆ.
ಮೊದಲನೇ ಮನೆಯಲ್ಲೇ ನಕ್ಕರು:
'ಇವತ್ತೇನು ರೇಟಮ್ಮ ನಿನ್ನ ಗೂಡಿಗೆ?'

ಒತ್ತಡ ಅಂದೆ.
ಪಿಳ್ಳಮುನಿಯಪ್ಪ ನಲ್ಲಿ ತೋರಿಸಿದರು:
ಹನ್ನೊಂದು ದಿನಕ್ಕೊಂದು ಸಲ ಬರುತ್ತೆ,
ಒತ್ತಡ ಇಲ್ಲವೇ ಇಲ್ಲ, ಬರ್ಕೋ.
ಸೊಸೆ ಒಳಗಿಂದ ಬಿ.ಪಿ. ಮಾತ್ರೆಯ ಚೀಟಿ ತಂದಳು.
ಟೆನ್ಷನ್ ಅಂದೆ.
ಇಡೀ ಬೀದಿಗೆ ಅರ್ಥವಾಯಿತು.

ತರಬೇತಿಯಲ್ಲಿ ಹೇಳಿದ್ದರು:
ಪ್ರಶ್ನೆಯ ಪದ ಬದಲಿಸಬೇಡಿ,
ಉತ್ತರಕ್ಕೆ ತಲೆಯಾಡಿಸಬೇಡಿ,
ಅಳು ಬಂದರೆ ಕಾಯಿರಿ, ನಿಂತ ಮೇಲೆ ಮುಂದಿನ ಸಂಖ್ಯೆ.
ನಗು ಬಂದರೆ ಏನು ಮಾಡಬೇಕೋ
ಯಾರೂ ಹೇಳಿರಲಿಲ್ಲ.

ಪ್ರತಿ ಪ್ರಶ್ನೆಯ ತಲೆಬಾಗಿಲು ಒಂದೇ,
'ಕಳೆದ ಒಂದು ತಿಂಗಳಲ್ಲಿ.'
ಹುಳ ಮೇಯಿಸುವ ನಾರೆಮ್ಮ ಬೆರಳು ಮಡಚಿದಳು:
ಒಂದನೇ ಜ್ವರ, ಎರಡನೇ ಜ್ವರ, ಮೂರು, ನಾಲ್ಕು,
ಆಮೇಲೆ ಹಣ್ಣಾಗಿ ಚಂದ್ರಿಕೆಗೆ.
ತಿಂಗಳಂದ್ರೆ ಅಷ್ಟೇ ಅಲ್ವಾ, ನಾಲ್ಕು ಜ್ವರ?
ಜ್ವರಕ್ಕೆ ಕೂತ ಹುಳ ತಿನ್ನಲ್ಲ, ಅಲ್ಲಾಡಲ್ಲ,
ತಲೆ ಎತ್ಕೊಂಡು ಸುಮ್ನಿರತ್ತೆ.
ನಾವು ಮಲಗೋದು ಆವಾಗ ಮಾತ್ರ.
ಅದನ್ನ ಎಷ್ಟನೇ ಗೂಡಿಗೆ ಹಾಕ್ತೀಯ?

ಜಬೀನ್‌ತಾಜಳ ಬೆರಳು ಬಿಸಿನೀರಿನ ಬೋಗುಣಿಯಲ್ಲಿ
ಎಳೆಯ ತುದಿ ಹುಡುಕುತ್ತಿದ್ದವು,
ತುದಿ ಬೆಳ್ಳಗೆ, ಸುಕ್ಕು ಸುಕ್ಕು.
ಎಲ್ಲಾ ಕೈಮೀರಿತು ಅನ್ನಿಸಿತ್ತೇ, ಅಂತ ಓದಿದೆ.
ರಾಟೆ ನಿಲ್ಲಿಸದೆ ಹೇಳಿದಳು:
'ಟೆನ್ಷನ್ ಇಲ್ಲದಿದ್ರೆ ನೂಲು ಸುತ್ತಲ್ಲ ಮೇಡಂ,
ಜಾಸ್ತಿಯಾದ್ರೆ ಕಿತ್ತೋಗತ್ತೆ.
ಎಷ್ಟು ಅಂತ ನಂಗೆ ಹೇಳಕ್ಕೆ ಬರಲ್ಲ,
ಬೆರಳಿಗೆ ಗೊತ್ತು.'
ಹಾಳೆಯ ಅಂಚಿನಲ್ಲಿ ಬರೆದುಕೊಂಡೆ.
ಅಂಚನ್ನು ಕಂಪ್ಯೂಟರು ಓದುವುದಿಲ್ಲ.
ಅವಳಿಗೆ ಬಂದದ್ದು ಇಪ್ಪತ್ತೆರಡು.

ಮಾರುಕಟ್ಟೆಯ ತೂಕದ ಗುಮಾಸ್ತ
ನಂಜುಂಡರೆಡ್ಡಿಗೂ ಇಪ್ಪತ್ತೆರಡೇ.
ಆರು ತಿಂಗಳಿಂದ ತಮ್ಮ ಮಾತು ಬಿಟ್ಟಿದ್ದಾನೆ,
ಗೋಡೆಯಾಚೆ ಅವನ ಕೆಮ್ಮು ಮಾತ್ರ ಕೇಳುತ್ತದೆ.
ಕೂಡಿ ನೋಡಿದೆ, ಮತ್ತೆ ಕೂಡಿದೆ.
ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತ್ತು:
ಒಂದು ತಟ್ಟೆಯಲ್ಲಿ ಗೂಡು, ಇನ್ನೊಂದರಲ್ಲಿ ಕಲ್ಲು.

ಹತ್ತಕ್ಕೆ ಹತ್ತೂ ಸೊನ್ನೆ ಕೊಟ್ಟವರೂ ಒಬ್ಬರಿದ್ದರು.
ಹೆಂಡತಿ ಕಾಫಿ ಲೋಟ ಇಡುತ್ತ
ನನ್ನ ಪೆನ್ನನ್ನೇ ನೋಡಿದಳು.

ಕೊನೆಗೆ ನಲವತ್ತೊಂದನೇ ಮನೆ.
ಹಗಲು ಮೂರು ಗಂಟೆಗೆ ಕದ ಹಾಕಿತ್ತು.
ಮೂರು ಸಲ ಬಡಿದೆ.
ಆಚೆ ಬದಿಗೆ, ಮರದ ಹಲಗೆಯಷ್ಟೇ ದೂರದಲ್ಲಿ,
ಯಾರೋ ಉಸಿರು ಬಿಗಿಹಿಡಿದು
ನಾನು ಹೋಗುವುದನ್ನು ಕಾಯುತ್ತಿದ್ದರು.
ಗೊತ್ತಿಲ್ಲದೆ ನಾನೂ ಹಿಡಿದೆ.

'ಮನೆಯಲ್ಲಿ ಯಾರೂ ಇಲ್ಲ'
ಎಂಬಲ್ಲಿ ಗುರುತು ಹಾಕಿ,
ಚಪ್ಪಲಿ ಸದ್ದು ಒಳಗೆ ಕೇಳಲೆಂದು
ಬೇಕಂತಲೇ ಜೋರಾಗಿ ನಡೆದು
ಬೀದಿ ತಿರುಗಿದೆ.