ಅಮಾಸ್ಯದಲ್ಲಿ ಮಿಂದದ್ದು

ಊರಿನ ಹೆಸರು ಅಮಾಸ್ಯ.
ಟರ್ಕಿಯ ನಕಾಶೆಯಲ್ಲಿ ಕಂಡು ಒಬ್ಬಳೇ ನಕ್ಕಿದ್ದೆ.
ಅಮಾಸ್ಯೆಯ ದಿನ ತಲೆಗೆ ಎಣ್ಣೆ ಮುಟ್ಟಿಸಕೂಡದು
ಎನ್ನುವ ಮನೆಯಲ್ಲಿ ಹುಟ್ಟಿದವಳು
ರಜೆ ಹಾಕಿ, ಸಾಲದ್ದಕ್ಕೆ ದುಡ್ಡೂ ಕೊಟ್ಟು,
ಅಮಾಸ್ಯಕ್ಕೇ ಬಂದು ಮೀಯುವುದೆಂದರೆ!

ಜೊತೆಯವರೆಲ್ಲ ಬಂಡೆಯಲ್ಲಿ ಕೊರೆದ
ಹಳೇ ರಾಜರ ಗೋರಿ ನೋಡಲು ಹತ್ತಿದರು.
ನನ್ನ ಮಂಡಿ ಬೇಡ ಅಂದಿತು.
ಹೊಳೆ ದಾಟಿ ಈಚೆ ಬಂದರೆ
ಸಾಲು ಗುಮ್ಮಟಗಳ ಗಿಡ್ಡ ಕಟ್ಟಡ,
ಬಾಗಿಲಿಗೆ ಇಳಿಬಿಟ್ಟ ಕೆಂಪು ಚೌಕಳಿ ಬಟ್ಟೆ:
ಈಗ ಹೆಂಗಸರ ಹೊತ್ತು, ಗಂಡಸರು ಆಚೆ.
ಅದನ್ನು ಓದಲು ಯಾವ ಭಾಷೆಯೂ ಬೇಕಿರಲಿಲ್ಲ.

ಒಳಗೆ ಮೊದಲು ಕಂಡದ್ದು ಹೊಟ್ಟೆಗಳು.
ಹೆತ್ತ ಹೊಟ್ಟೆ, ಹೊಲಿಗೆ ಬಿದ್ದ ಹೊಟ್ಟೆ, ಮಡಿಕೆ ಮಡಿಕೆ ಹೊಟ್ಟೆ.
ಯಾವುದನ್ನೂ ಯಾರೂ ಒಳಗೆಳೆದುಕೊಂಡಿರಲಿಲ್ಲ.
ನಾನೊಬ್ಬಳೇ ಉಸಿರು ಬಿಗಿಹಿಡಿದು,
ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು,
ಬ್ಯಾಂಕಿನಲ್ಲಿ ಸರದಿ ಕಾಯುವವಳಂತೆ ನಿಂತಿದ್ದೆ.

ನಜ್ಮಿಯೆ ಬಂದಳು. ಅರವತ್ತು ದಾಟಿದ ಹೆಂಗಸು,
ತೋಳು ಮಾತ್ರ ಕುಸ್ತಿ ಆಳಿನದು.
ಕೈಹಿಡಿದು ಕರೆದೊಯ್ದು ನಡುವಿನ ಕಲ್ಲ ಮೇಲೆ ಮಲಗಿಸಿದಳು.
ಅದಕ್ಕೆ ಹೊಕ್ಕುಳ ಕಲ್ಲು ಅನ್ನುತ್ತಾರಂತೆ.
ಅಮೃತಶಿಲೆ. ಅಡಿಯಲ್ಲೆಲ್ಲೋ ಬೆಂಕಿ.
ಕಾವು ಮೊದಲು ಮೂಳೆಗೆ ತಾಕಿ ಆಮೇಲೆ ಮೈಗೆ ಬಂತು.
ಮೇಲೆ ಗುಮ್ಮಟದ ತೂತುಗಳಲ್ಲಿ ದಪ್ಪ ಗಾಜು,
ಹಬೆಯೊಳಗೆ ಹಗಲು ಕಂಬ ಕಂಬವಾಗಿ ನಿಂತಿತ್ತು.

'ದೋನ್' ಅಂದಳು.
ನನಗೆ ಕೇಳಿದ್ದು ದೋಣಿ.
ಇರಬಹುದು ಅಂದುಕೊಂಡು ದೋಣಿಯಂತೆಯೇ ಬಿದ್ದಿದ್ದೆ.
ಸೊಂಟ ಹಿಡಿದು ಒಂದೇ ಏಟಿಗೆ ಮಗುಚಿದಳು.
ಹೊರಳು ಅಂತ ಅರ್ಥ.

ಆಮೇಲೆ ಕೆಸೆ, ಒರಟು ನೂಲಿನ ಕೈಚೀಲ.
ಕೇಳಿದ್ದು ಕೆಸರು,
ಕಂಡದ್ದೂ ಕೆಸರೇ:
ದಿನಕ್ಕೆರಡು ಸಲ ಮೀಯುವ ನನ್ನ ಮೈಯಿಂದ
ಬೂದು ಶಾವಿಗೆ ಎಳೆ ಎಳೆಯಾಗಿ ಹೊಸೆದು ಬಂತು.
ನಜ್ಮಿಯೆಗೆ ಹಿಗ್ಗೋ ಹಿಗ್ಗು. ನನ್ನ ತೋಳೆತ್ತಿ
ನನಗೆ ತೋರಿಸಿ, ಪಕ್ಕದವಳಿಗೆ ತೋರಿಸಿ,
ನಲ್ಲಿಯ ಬಳಿ ಮೊಮ್ಮಗಳ ತಲೆ ತಿಕ್ಕುತ್ತಿದ್ದ
ಅಜ್ಜಿಗೂ ಕೂಗಿ ಹೇಳಿದಳು.
ಅಜ್ಜಿ ಬಂದು, ನೋಡಿ, ತಲೆದೂಗಿ ಹೋದಳು.
ನಾಚಿಕೆಗೆ ಮುಖ ಮುಚ್ಚಲು ಕೈ ಬೇಕಿತ್ತು.
ಕೈ ಅವಳ ಹತ್ತಿರ ಇತ್ತು.

ನೀರಿನ ಬಟ್ಟಲಿಗೆ ಅಲ್ಲಿ ತಾಸ್ ಅನ್ನುತ್ತಾರೆ.
ನಮ್ಮ ಕಡೆ ತಾಸು ಅಂದರೆ ಗಂಟೆ.
ಮೊಗೆದು ಮೊಗೆದು ಸುರಿದಳು,
ಒಂದು ತಾಸು, ಎರಡು ತಾಸು, ಹತ್ತು ತಾಸು,
ಲೆಕ್ಕ ತಪ್ಪಿತು.
ಯಾವ ವರ್ಷಗಳ ಚರ್ಮವೋ ಅದು,
ಯಾರ್ಯಾರ ಮೇಲಿನ ಸಿಟ್ಟಿನಲ್ಲಿ ಒಣಗಿದ್ದೋ,
ಕಲ್ಲುಗಾಲುವೆಯಲ್ಲಿ ನೊರೆಯ ಜೊತೆ ಸುತ್ತಿ ಸುತ್ತಿ
ಹೊಳೆಯ ಕಡೆ ಹೋಯಿತು.
ಹೊಳೆ ಸೇರುವುದು ಕಪ್ಪು ಸಮುದ್ರವನ್ನು ಎನ್ನುತ್ತದೆ ನಕಾಶೆ.
ನಾನಿನ್ನೂ ನೋಡದ ಸಮುದ್ರ,
ನನಗಿಂತ ಮೊದಲೇ ನಾನು ತಲುಪಿರುತ್ತೇನೆ.

ಮುಗಿದ ಮೇಲೆ ಅವಳು ನನ್ನ ಪಕ್ಕದಲ್ಲೇ ಕುಸಿದು ಕೂತಳು.
ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು,
ನೆನೆಗೆ ಹಾಕಿದ ಅವರೆಯ ಹಾಗೆ.
ಎಡ ಭುಜ ಮುಟ್ಟಿಕೊಂಡು, ಬೆರಳು ಮಡಿಸಿ ಬಿಚ್ಚಿ
ಮೂವತ್ತೆಂಟು ಅಂತ ತೋರಿಸಿದಳು.
ವರ್ಷಗಳೋ, ಈ ವಾರದ ಬೆನ್ನುಗಳೋ,
ಕೇಳಲು ಮಾತಿರಲಿಲ್ಲ.
ನನಗೆ ಬರುತ್ತಿದ್ದುದು ಒಂದೇ ಶಬ್ದ. ಅದನ್ನೇ ಅಂದೆ:
'ದೋನ್.'
ಹಬೆಯೆಲ್ಲ ಗೊಳ್ಳೆಂದಿತು.
ನಗುತ್ತಲೇ ಹೊರಳಿ ಕೂತಳು.
ಬಿಸಿ ನೀರು ಒಂದು ತಾಸು ಭುಜಕ್ಕೆ ಹೊಯ್ದೆ.
ಇನ್ನೊಂದು ಅಂತ ಸನ್ನೆ ಮಾಡಿದಳು.

ಹೊರಗಿನ ತಂಪು ಕೋಣೆಯಲ್ಲಿ ಸೇಬು ಹೆಚ್ಚುತ್ತಿದ್ದವರು
ನಾನು ದಾಟುವಾಗ ಒಬ್ಬೊಬ್ಬರಾಗಿ ಏನೋ ಹರಸಿದರು.
ಮಿಂದು ಬಂದವರಿಗೆಂದೇ ಅಲ್ಲೊಂದು ಮಾತಿದೆಯಂತೆ,
ಆರೋಗ್ಯವಾಗಲಿ ಅಂತ.
ನಾವು 'ಸ್ನಾನ ಆಯ್ತಾ' ಅಂತ ಕೇಳುತ್ತೇವೆ, ಅಷ್ಟೆ,
ಅದೂ ತಿಂಡಿ ಆರುತ್ತಿದೆ ಅನ್ನುವುದಕ್ಕೆ.

ಸಂಜೆ ಜೊತೆಯವರು ಫೋನಿನಲ್ಲಿ ಗೋರಿ ತೋರಿಸಿದರು,
ಹದಿನೆಂಟು ಚಿತ್ರ.
ನಿನ್ನದೆಲ್ಲಿ ಅಂದರು.
ಮುಂಗೈ ಚಾಚಿದೆ,
ಮುಟ್ಟಿ ನೋಡಿ ಅಂದೆ.